ಗಾಜಾದವಳ ಕುರಿ

ನಮ್ಮ ಮನೆಯಲ್ಲಿ ಯಾರಾದರೂ ಹೆದರಿದ್ದಾರೆ ಎಂಬುದು ನನಗೆ ಮೊದಲು ಕಿವಿಗೆ ತಿಳಿಯುತ್ತಿತ್ತು. ಅವ್ವ ರೊಟ್ಟಿ ಬಡಿಯುವ ಸದ್ದು ನಡುವೆ ತಪ್ಪಿದರೆ ಕುರಿಹಿಂಡಿನಿಂದ ಏನೋ ಸುದ್ದಿ ಬಂದಿದೆ ಎಂದರ್ಥ. ಆಯಿಯ, ಅಂದರೆ ನಮ್ಮ ಅಪ್ಪನ ತಾಯಿಯ, ಉಣ್ಣೆ ನೂಲುವ ರಾಟಿ ನಿಂತರೆ ಯಾರಿಗೋ ಮೈ ನೆಟ್ಟಗಿಲ್ಲ. ಎರಡೂ ಒಟ್ಟಿಗೆ ನಿಂತದ್ದನ್ನು ನಾನು ಒಂದೇ ಸಲ ಕೇಳಿದ್ದೇನೆ. ಕುಲಗೋಡದ ಮನೆಯಲ್ಲಿ, ಮಳೆಗಾಲ ಆಗಷ್ಟೇ ಹಿಡಿದಿದ್ದ ಒಂದು ಮುಂಜಾನೆ. ಇಷ್ಟು ವರ್ಷವಾದ ಮೇಲೂ, ಗೋಕಾಕದ ಈ ಮನೆಯಲ್ಲಿ ಮಿಕ್ಸರ್ ಓಡುತ್ತಿದ್ದಾಗ ಕರೆಂಟು ಹೋಗಿ ತಟ್ಟನೆ ನಿಂತರೆ ನನ್ನ ಅಂಗೈ ತಣ್ಣಗಾಗುತ್ತದೆ. ಸೊಸೆ ನಗುತ್ತಾಳೆ, ‘ಅತ್ತೀ, ಇಟ್ ಈಸ್ ಓನ್ಲಿ ಲೋಡ್ ಶೆಡ್ಡಿಂಗ್’ ಅನ್ನುತ್ತಾಳೆ. ಅದು ನನಗೂ ಗೊತ್ತು. ನನ್ನ ಕೈಗಳಿಗೆ ಗೊತ್ತಿಲ್ಲ.

ಆ ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ಎಷ್ಟು ಗಿಡ್ಡವೆಂದರೆ, ಮಿಲಿಟರಿಯಲ್ಲಿದ್ದ ಅಪ್ಪ ರಜೆಗೆ ಬಂದಾಗಲೆಲ್ಲ ಮೊದಲು ಹಣೆ ಬಡಿಸಿಕೊಂಡು ಆಮೇಲೆ ಒಳಗೆ ಬರುತ್ತಿದ್ದರು. ಕಾಲಿಟ್ಟರೆ ಎಡಕ್ಕೆ ಎಳೆಮರಿಗಳ ಗೂಡು, ಬಲಕ್ಕೆ ಪಡಸಾಲೆ, ಪಡಸಾಲೆಯ ನೆಲ ತೋಡಿ ಕೂರಿಸಿದ ಕಂಬಳಿ ಮಗ್ಗ, ಅದರಾಚೆ ಒಲೆ. ಉಣ್ಣೆ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಿದ್ದುದರಿಂದ ಇಡೀ ಮನೆಗೆ ಒಂದು ಹುಳಿ ವಾಸನೆ ಅಂಟಿಕೊಂಡಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಟ್ರಂಕು ತೆರೆದಾಗ ಅದೇ ವಾಸನೆ ಎದ್ದು, ಪಕ್ಕದ ಮಂಚದ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾನು ಮಾತ್ರ ಟ್ರಂಕಿನೊಳಗೆ ಮುಖ ಇಟ್ಟು ಅಳುತ್ತಿದ್ದೆ. ಆಯಿ ನೂಲುವವಳು, ಅಪ್ಪನ ತಮ್ಮ ಬೀರಪ್ಪ ಕಾಕಾ ನೇಯುವವನು, ಅವ್ವ ಉಳಿದುದೆಲ್ಲವನ್ನೂ ಮಾಡುವವಳು. ಅವ್ವ ಹುಕ್ಕೇರಿಯವಳು. ಹುಕ್ಕೇರಿಯವರು ಮಾತನ್ನು ಮೂರು ಸಲ ಅರೆದು ಆಮೇಲೆ ಆಡುತ್ತಾರೆ, ಅಷ್ಟರಲ್ಲಿ ಕೇಳುವವರು ಎದ್ದುಹೋಗಿರುತ್ತಾರೆ ಎಂದು ಆಯಿಯ ದೂರು. ನನ್ನನ್ನು ಕಾನ್ವೆಂಟಿಗೆ ಹಾಕಿದ್ದು ಅಪ್ಪನ ಹುಚ್ಚು. ಅಲ್ಲಿ ಸಿಸ್ಟರ್ ‘ಸ್ಪೀಕ್ ಸಾಫ್ಟ್‌ಲಿ, ಕಮಲಾ’ ಎನ್ನುವರು. ರಜೆಗೆ ಘಟಪ್ರಭಾದಲ್ಲಿ ರೈಲಿಳಿದು ಬಸ್ಸು ಹತ್ತಿ ಮನೆಗೆ ಬಂದರೆ ಆಯಿ ಬೈಯುವಳು:

“ಬಾಯಿ ತಗದ ಮಾತಾಡ ಕಮಲಿ. ಇಲಿ ಹಂಗ ಕೀಚ್ ಕೀಚ್ ಅನಬ್ಯಾಡ. ಕುರಿಗೆ ಕೇಳಸೂದಿಲ್ಲ.”

ಅಪ್ಪ ಗಾಯಾಳುಗಳಿಗೆ ಪಟ್ಟಿ ಕಟ್ಟುವ ಹವಾಲ್ದಾರ, ನರ್ಸಿಂಗ್ ಕೆಲಸ. ನಾಲ್ಕಾರು ದೇಶಗಳ ಸೈನಿಕರನ್ನು ಸೇರಿಸಿ ಗಾಜಾಕ್ಕೆ ಕಳಿಸಿದ್ದ ಶಾಂತಿಪಡೆಯಲ್ಲಿ ಅವರು ಎರಡು ಸಲ ಹೋದರು. ಮೊದಲನೆಯ ಸಲ ಹೋಗಿ ಬಂದಾಗ ನಾನು ಇನ್ನೂ ಸಣ್ಣವಳು. ಅವರ ನೀಲಿ ಟೊಪ್ಪಿಗೆ ತಲೆಗಿಟ್ಟುಕೊಂಡರೆ ಮೂಗಿನವರೆಗೆ ಇಳಿಯುತ್ತಿತ್ತು. ಸಂಜೆ ಊಟಕ್ಕೆ ಎಲ್ಲರೂ ಒಲೆಯ ಸುತ್ತ ಕೂತಾಗ, ರೊಟ್ಟಿಗೆ ಝುಣಕ ಹಚ್ಚಿಕೊಳ್ಳುತ್ತ, ಅಪ್ಪ ಅಲ್ಲಿಯ ಮಾತು ಹೇಳುತ್ತಿದ್ದರು. ನಮಗೆ ಸ್ವಾತಂತ್ರ್ಯ ಬಂದ ಹೊತ್ತಿಗೇ ಅಲ್ಲಿ ಲಡಾಯಿ ಆಯಿತಂತೆ. ಜನ ಹೊಲ ಮನೆ ಬಿಟ್ಟು, ನಾಲ್ಕು ದಿನದಲ್ಲಿ ತಿರುಗಿ ಬಂದೇವು ಎಂದು ಓಡಿ ಬಂದವರು, ಹದಿನೈದು ವರ್ಷವಾದರೂ ಉಸುಕಿನ ಮೇಲೆ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯಲ್ಲಿ ಇದ್ದಾರಂತೆ. ಹಿಟ್ಟಿಗೆ ಪಾಳಿ, ನೀರಿಗೆ ಪಾಳಿ, ಮಕ್ಕಳ ಹಾಲಿನ ಪುಡಿಗೆ ಪಾಳಿ. ಹಾಲಿನ ಪುಡಿ ಎಂದಾಗ ನನಗೆ ಕಿವಿ ನಿಮಿರಿತು. ನಮ್ಮೂರ ಸಾಲೆಗೂ ಆಗ ಪರದೇಶದಿಂದ ಅದೇ ಪುಡಿ ಬರುತ್ತಿತ್ತು. ಮಾಸ್ತರರು ಹಂಡೆಯಲ್ಲಿ ಕದಡಿ ಕೊಟ್ಟರೆ ಗಂಟು ಗಂಟಾಗಿ ನಾಲಿಗೆಗೆ ಅಂಟುತ್ತಿತ್ತು. ಅಲ್ಲಿಯ ಹುಡುಗರ ನಾಲಿಗೆಗೂ ಹೀಗೇ ಅಂಟುತ್ತದೆ ಎಂಬುದು ನನಗೆ ಅಟ್ಲಾಸಿನ ಯಾವ ಪುಟಕ್ಕಿಂತ ಚೆನ್ನಾಗಿ ಆ ಊರನ್ನು ಹತ್ತಿರ ತಂದಿತು. ಆಯಿ ಮಾತ್ರ ಹಾಲು ಹಿಟ್ಟು ಯಾವುದನ್ನೂ ಕೇಳಲಿಲ್ಲ.

“ಅವರಿಗೆ ಕುರಿ ಅದಾವೇನು?” ಎಂದಳು.

“ಇದ್ದುವಂತ ಯವ್ವಾ. ನಮ್ಮ ದವಾಖಾನಿ ಬಾಜೂಕ ಯೂಸುಫನ ಅವ್ವ ಅಂತ ಒಬ್ಬಾಕಿ ಅದಾಳ. ಊರ ಬಿಡೂ ದಿನ ಹಿಂಡ ಅಲ್ಲೇ ಬಿಟ್ಟ ಬಂದಾರ. ಈಗ ಕೈಕದಿರ ಹಿಡಕೊಂಡ ಬಾಗಲಾಗ ಕುಂಡರತಾಳ. ಯಾರರ ಹರಕ ಸ್ವೆಟರ್ ಕೊಟ್ಟರ ಅದನ್ನ ಬಿಚ್ಚಿ ಮತ್ತ ನೂಲ ಮಾಡತಾಳ.”

“ಹೆಸರೇನ ಅಕಿದು?”

“ಅಲ್ಲೆ ಹಂಗ ಕರೀತಾರ. ಮಗನ ಹೆಸರಲೆ.”

“ಇಲ್ಲೆ ನನಗೇನ ಹೆಸರ ಹಿಡದ ಕರೀತಾರೇನ. ಮಾಯಪ್ಪನ ಅವ್ವ ಅಂತಾರ,” ಎಂದು ಅಪ್ಪನ ಹೆಸರು ಹೇಳಿ ಆಯಿ ತನ್ನ ತಾಟಿನ ಕಡೆ ನೋಡಿದಳು. ಆಮೇಲೆ ಕಾಕಾನ ಕಡೆ ತಿರುಗಿ, “ಬೀರ್ಯಾ, ನಾಳೆ ಒಂದ ಹೆಣ್ಣಮರಿ ತಗದ ಇಡು. ಚಲೋದು,” ಎಂದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕುರುಬ ಜನರಲ್ಲಿ ಒಬ್ಬರ ಹಿಂಡು ರೋಗಕ್ಕೋ ಹಳ್ಳದ ನೀರಿಗೋ ಹೋಗಿಬಿಟ್ಟರೆ, ಉಳಿದ ಮನೆಯವರು ಮನೆಗೊಂದು ಹೆಣ್ಣುಮರಿ ಕೊಡುತ್ತಾರೆ. ಅದನ್ನು ದಾನ ಎನ್ನುವುದಿಲ್ಲ, ತೆಗೆದುಕೊಂಡವರು ತಲೆ ತಗ್ಗಿಸುವುದೂ ಇಲ್ಲ. ಕಳೆದುಕೊಂಡವರು ದೂರ ಮೇಯಿಸಲು ಹೋಗಿದ್ದರೆ ಅವರು ಬರುವ ತನಕ ಆ ಮರಿ ಕೊಟ್ಟವರ ಹಿಂಡಿನಲ್ಲೇ ಬೆಳೆಯುತ್ತದೆ. ಆದರೆ ಅದರ ಕಿವಿಗೆ ಬೇರೆ ಗುರುತು, ಅದು ಈದರೆ ಮರಿಯೂ ಅವರದು, ಉಣ್ಣೆಯೂ ಅವರದು. ಆಯಿ ಲೆಕ್ಕ ಹಾಕಿದ್ದು ಇಷ್ಟೇ. ಯೂಸುಫನ ಅವ್ವ ಹಿಂಡು ಕಳೆದುಕೊಂಡಿದ್ದಾಳೆ, ಸದ್ಯ ದೂರ ಇದ್ದಾಳೆ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ.

“ಹೆಂಗ ಕಳಸ್ತಿ ಯವ್ವಾ? ಘಟಪ್ರಭಾ ಟೇಸನ್ಯಾಗ ರೈಲ ಹತ್ತಸ್ತಿಯೇನು? ತಿಕೀಟ ಅರ್ಧಾ ತಗೋಳೂದೋ, ಪೂರಾನೋ?”

“ಕಳಸಾಕ ಆಗಲಿಲ್ಲಂದ್ರ ಇಲ್ಲೇ ಇರಲಿ. ಅಕೀದಂತ ಇರಲಿ.”

ಮರುದಿನ ಒಂದು ಹೆಣ್ಣುಮರಿಯ ಎಡಗಿವಿಗೆ ಎರಡು ಕಚ್ಚು ಬಿತ್ತು. ಕಾಕಾ ಅದಕ್ಕೆ ಗಾಜಿ ಎಂದು ಹೆಸರಿಟ್ಟ. ಹಂಗಿಸಲು ಇಟ್ಟ ಹೆಸರು, ಅದೇ ನಿಂತುಬಿಟ್ಟಿತು. ಗಾಜಿ ಬೆಳೆದು ಈದಿತು. ಅದರ ಮರಿಗಳೂ ಎಡಗಿವಿಯ ಎರಡು ಕಚ್ಚಿನವಾದವು. ಒಮ್ಮೆ ದೇವರ ಊಟಕ್ಕೆ ಗಂಡುಮರಿ ಬೇಕಾಗಿ ಕಾಕಾ ಗಾಜಿಯ ಮರಿಯ ಕಾಲಿಗೆ ಹಗ್ಗ ಹಾಕಿದ್ದ. “ಅಕಿ ಬರಾಕಿಯಲ್ಲ ಕೇಳಾಕಿಯಲ್ಲ” ಎಂದ. “ಬರೂದಿಲ್ಲಂತ ನಿನ್ನ ಕಿವ್ಯಾಗ ಬಂದ ಹೇಳ್ಯಾಳೇನು?” ಎಂದು ಆಯಿ ಹಗ್ಗ ಬಿಚ್ಚಿದಳು. ಎರಡು ದಿನ ತಾಯಿ ಮಗ ಮಾತಾಡಲಿಲ್ಲ. ನಡುವೆ ಕೂತ ಅವ್ವ ಇಬ್ಬರಿಗೂ ಒಂದೇ ಮಾತನ್ನು ಎರಡು ಸಲ ಹೇಳಿ ಹೇಳಿ ಸುಸ್ತಾದಳು. ಆದರೆ ಆ ಕುರಿಗಳ ಉಣ್ಣೆ ಬೇರೆ ಚೀಲದಲ್ಲಿ ಕೂಡುತ್ತ ಬಂತು. ಅಪ್ಪ ಎರಡನೆಯ ಸಲ ಗಾಜಾಕ್ಕೆ ಹೊರಡುವ ಹೊತ್ತಿಗೆ ಆಯಿ ಅದನ್ನು ನೂತಿದ್ದಳು, ಕಾಕಾ ಗೊಣಗುತ್ತಲೇ ನೇಯ್ದಿದ್ದ. ಕರಿಯ ಕಂಬಳಿ, ಎರಡೂ ತುದಿಗೆ ಬಿಳಿಯ ಪಟ್ಟಿ. ಅಪ್ಪನ ಸ್ವಂತ ಕಂಬಳಿಯೂ ಅದೇ ಮಗ್ಗದ್ದು, ಅದೇ ಪಟ್ಟಿಯದು. ಎರಡನ್ನೂ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು, ಹಣೆಗೆ ಬೀರಪ್ಪ ದೇವರ ಅರಿಶಿನ ಭಂಡಾರ ಹಚ್ಚಿಸಿಕೊಂಡು ಅಪ್ಪ ಬಸ್ಸು ಹತ್ತಿದರು. ಅಪ್ಪ ಊರ ಸೀಮೆ ದಾಟುವ ತನಕ ಅವ್ವ ಕಸ ಗುಡಿಸಲಿಲ್ಲ. ಕಂಬಳಿ ಯೂಸುಫನ ಅವ್ವನ ಕೈ ಸೇರಿತೆಂದು ಆಮೇಲೆ ಅಪ್ಪನ ಕಾಗದ ಬಂತು.

ಅವರು ಹಿಂತಿರುಗುವ ಹೊತ್ತು ಹತ್ತಿರ ಬಂದಿತ್ತು. ನಾನು ಬೇಸಿಗೆ ರಜೆಗೆ ಊರಲ್ಲಿದ್ದೆ. ಆಗ ಅಲ್ಲಿ ಮತ್ತೆ ಯುದ್ಧ ಹತ್ತಿಕೊಂಡಿತು. ಓಣಿಯಲ್ಲಿ ರೇಡಿಯೋ ಇದ್ದದ್ದು ಮಾಸ್ತರರ ಮನೆಯಲ್ಲಿ ಮಾತ್ರ. ಸಂಜೆ ವಾರ್ತೆಯ ಹೊತ್ತಿಗೆ ನಾವು ಮೂವರು ಹೆಂಗಸರು ಅವರ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆವು. ರೇಡಿಯೋ ಒಳಗೆ ಕುರಿ ಕೆಮ್ಮಿದಂತೆ ಗರ್ರೆನ್ನುವುದು, ನಡುನಡುವೆ ಮಾತು ಬರುವುದು. ಒಂದು ಸಂಜೆ ಆ ಮಾತು ಬಂತು. ಗಾಜಾದಲ್ಲಿದ್ದ ನಮ್ಮ ಸೈನಿಕರಲ್ಲಿ ಕೆಲವರು ಸತ್ತಿದ್ದಾರೆ. ಹೆಸರು ಹೇಳಲಿಲ್ಲ. ಮುಂದಿನ ವಾಕ್ಯ ಯಾವುದೋ ಮಂತ್ರಿಗಳ ಪ್ರವಾಸದ್ದು. ಮಾಸ್ತರರು ರೇಡಿಯೋ ಆರಿಸಲೂ ಇಲ್ಲ, ನಮ್ಮ ಕಡೆ ನೋಡಲೂ ಇಲ್ಲ. ಮರುದಿನ ಆಯಿ ಭಂಡಾರದ ಚೀಲ ಹಿಡಿದುಕೊಂಡು ಹೋಗಿ, ಯಾರೂ ತಡೆಯುವ ಮೊದಲೇ, ರೇಡಿಯೋದ ಮುಖಕ್ಕೆ ಅರಿಶಿನ ಬಳಿದಳು.

“ಅಯ್ಯ ಆಯಿ, ಮಷೀನ್ ಅದು. ಬಂದ ಸುದ್ದಿ ಹೇಳತೈತಿ ಅಷ್ಟ,” ಎಂದರು ಮಾಸ್ತರರು.

“ಅದಕ್ಕ ಹಚ್ಚೀನ್ರಿ. ಚಲೋ ಸುದ್ದಿ ಬರಲಿ.”

ಆ ಅರಿಶಿನ ಜಾಳಿಗೆಯ ಸಂದಿಗಳಲ್ಲಿ ಕೊನೆಯವರೆಗೂ ಉಳಿಯಿತು. ಮಾಸ್ತರರು ಒರೆಸಲಿಲ್ಲ.

ಆ ಮೇಲಿನ ದಿನಗಳನ್ನು ಹೇಗೆ ಹೇಳಲಿ. ಕಾನ್ವೆಂಟ್ ರೀಓಪನ್ ಆಯಿತು, ನನ್ನನ್ನು ಕಳಿಸಲಿಲ್ಲ, ನಾನು ಕೇಳಲೂ ಇಲ್ಲ. ಗೋಕಾಕದ ಬಸ್ಸಿನ ಹಾರ್ನ್ ಊರ ಅಗಸಿಬಾಗಿಲಲ್ಲಿ ಕೇಳಿದರೆ ಅವ್ವನ ಕೈ ಉಪ್ಪಿನ ಗಡಿಗೆಗೆ ಹೋಗುವುದು. ಹಾಕಿದ ಸಾರಿಗೇ ಮತ್ತೆ ಉಪ್ಪು ಹಾಕುವಳು. ಯಾರೂ ಉಪ್ಪಾಯಿತು ಎನ್ನದೆ ಉಣ್ಣುವರು. ಅಂಚೆಯವನು ನಮ್ಮ ಓಣಿಯ ತುದಿಯಲ್ಲಿ ಸೈಕಲ್ಲಿನಿಂದ ಇಳಿದು ದೂರದಿಂದಲೇ ಕೈಯಾಡಿಸಿ ‘ಏನೂ ಇಲ್ಲ’ ಎಂದು ತೋರಿಸಿ ಹೋಗುವನು, ಅವನಿಗೂ ಹೆದರಿಕೆ. ಹಿಟ್ಟು, ಮೆಣಸಿನಕಾಯಿ ಕಡ ಕೇಳಲು ಬರುತ್ತಿದ್ದ ನೆರೆಮನೆಯ ಹೆಂಗಸರು ಬರುವುದನ್ನು ಕಡಿಮೆ ಮಾಡಿದರು. ಬಂದವರ ಕಣ್ಣು ಅವ್ವನ ಹಣೆಯ ಕುಂಕುಮದ ಮೇಲೆ ಕೂತು ಏಳುತ್ತಿತ್ತು. ಅವ್ವ ಅದನ್ನು ಕಂಡಿದ್ದಳು. ಎಂದೂ ತನಗಾಗಿ ಏನೂ ಕೊಳ್ಳದ ಅವ್ವ ಒಂದು ಮಧ್ಯಾಹ್ನ ಬಳೆಗಾರ್ತಿಯನ್ನು ಕರೆದು ಎರಡೂ ಕೈಗೆ ಮೊಣಕೈ ಹತ್ತಿರದ ತನಕ ಹಸಿರು ಬಳೆ ಇಡಿಸಿಕೊಂಡಳು. ಆಯಿ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಬೇಡವೆನ್ನಲಿಲ್ಲ. ಆಮೇಲಿನ ದಿನಗಳಲ್ಲಿ ಅವ್ವ ರೊಟ್ಟಿ ಬಡಿಯುವಾಗ ಆ ಬಳೆಗಳೂ ಕೂಡಿ ಒಂದು ಬೇರೆಯೇ ಸದ್ದಾಯಿತು, ಏನನ್ನೋ ಹೊರಗೇ ನಿಲ್ಲಿಸಲು ಬಾಗಿಲಿಗೆ ಮೊಳೆ ಬಡಿಯುತ್ತಿರುವ ಹಾಗೆ.

ಆಯಿಯ ಹೆದರಿಕೆ ಬೇರೆ ತರಹದ್ದು. ಅವಳು ರಾಟಿಯನ್ನು ಬಾಗಿಲಿಗೆ ಎದುರಾಗಿ ಇಟ್ಟುಕೊಂಡು ದಿನವಿಡೀ ನೂಲುತ್ತ, ಬೀದಿಯಲ್ಲಿ ಹೋಗುವವರ ಹೆಗಲು ನೋಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ, ಹೆಗಲು. ನಮ್ಮ ಅಜ್ಜ, ಅವಳ ಗಂಡ, ಕುರಿ ಹೊಡೆದುಕೊಂಡು ಕೃಷ್ಣೆಯ ಆಚೆ ಹೋದವನು ಅಲ್ಲೇ ಜ್ವರ ಬಂದು ಸತ್ತಿದ್ದ. ದೂರದ ದಾರಿಯಲ್ಲಿ ಸತ್ತವನನ್ನು ಜೊತೆಯವರು ಅಲ್ಲಿಯೇ ಮಣ್ಣು ಮಾಡಿ, ಅವನ ಕಂಬಳಿಯನ್ನು ಮಡಿಸಿ ಎಡ ಹೆಗಲ ಮೇಲೆ ಹಾಕಿಕೊಂಡು ಮನೆಗೆ ತರುತ್ತಾರೆ. ಬಾಯಿಬಿಟ್ಟು ಹೇಳುವ ಕಷ್ಟ ಬೇಡವೆಂದು ಹಿರಿಯರು ಮಾಡಿಟ್ಟ ದಾರಿ ಇದ್ದೀತು. ಕಂಬಳಿ ಒಂದೇ ಬಂದರೆ ಮನೆಯವರಿಗೆ ಅರ್ಥವಾಗುತ್ತದೆ, ಒಲೆಗೆ ನೀರು ಹಾಕುತ್ತಾರೆ, ಅಳು ಶುರುವಾಗುತ್ತದೆ. ಆದ್ದರಿಂದಲೇ ನಮ್ಮ ಜನರಲ್ಲಿ ಯಾರೂ ಇನ್ನೊಬ್ಬರ ಕಂಬಳಿಯನ್ನು ಹಾಗೆ ಮಡಿಸಿ ಹೆಗಲಿಗೆ ಹಾಕುವುದಿಲ್ಲ. ತಲೆಯ ಮೇಲೆ ಗಂಟು ಇಟ್ಟುಕೊಳ್ಳುತ್ತಾರೆ, ಇಲ್ಲವೇ ಮಳೆ ಬಂದರೆ ಕೊಪ್ಪೆ ಮಾಡಿ ತಾವೇ ಹೊದ್ದುಕೊಳ್ಳುತ್ತಾರೆ. ಆಯಿ ಇದೇ ಬಾಗಿಲಲ್ಲಿ ನಿಂತು ಒಮ್ಮೆ ಒಂದು ಹೆಗಲು ನೋಡಿದ್ದಳು.

ಆ ಮುಂಜಾನೆ ಜಿಟಿಜಿಟಿ ಮಳೆ. ಮಾಳಿಗೆ ಎರಡು ಕಡೆ ಸೋರುತ್ತಿತ್ತು, ನಾನು ಬೋಗುಣಿ ಇಟ್ಟುಕೊಂಡು ಓಡಾಡುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಸ್ಸು ಬಂದು ಹೋದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ರಾಟಿ ನಿಂತಿತು. ರಾಟಿ ನಿಂತದ್ದನ್ನು ಕೇಳಿ ರೊಟ್ಟಿಯೂ ನಿಂತಿತು. ಮಳೆಹನಿ ಬೋಗುಣಿಗೆ ಬೀಳುವುದು ಮಾತ್ರ ಉಳಿಯಿತು. ನಾನು ಪಡಸಾಲೆಗೆ ಬಂದು ನೋಡಿದೆ. ಅಂಗಳದಾಚೆ, ಬೇವಿನ ಗಿಡದ ಕೆಳಗೆ, ಖಾಕಿ ಅಂಗಿಯ ಒಬ್ಬ ಅಪರಿಚಿತ ನಿಂತಿದ್ದ. ತಲೆಯಿಂದ ನೀರು ಇಳಿಯುತ್ತಿತ್ತು. ಅವನ ಎಡ ಹೆಗಲ ಮೇಲೆ ನೀಟಾಗಿ ಮಡಿಸಿದ ಕರಿಯ ಕಂಬಳಿ. ತುದಿಗೆ ಕಾಕಾನ ಮಗ್ಗದ ಬಿಳಿ ಪಟ್ಟಿ. ಅವನು ಮುಂದೆ ಬರಲಿಲ್ಲ, ಮಾತಾಡಲಿಲ್ಲ, ನಾವು ಏನಾದರೂ ಅನ್ನುವುದನ್ನು ಕಾಯುತ್ತಿರುವವನಂತೆ ನಿಂತೇ ಇದ್ದ.

“ಕಂಬಳಿ ಬಂತು,” ಎಂದಳು ಆಯಿ.

ಅವಳು ಎದ್ದಳು. ಅಳಲಿಲ್ಲ. ಗೋಡೆ ಹಿಡಿದುಕೊಂಡು ಒಲೆಯ ತನಕ ನಡೆದು, ಕೊಡದಿಂದ ತಂಬಿಗೆ ತುಂಬಿ ಉರಿಯುವ ಒಲೆಗೆ ಸುರಿದಳು. ಬೂದಿ, ಹೊಗೆ, ಹಂಚಿನ ಮೇಲಿದ್ದ ರೊಟ್ಟಿ ಅರ್ಧ ಬೆಂದು ನೆನೆಯಿತು. ಆ ವಾಸನೆ ನನ್ನ ಮೂಗಿನಲ್ಲಿ ಈಗಲೂ ಇದೆ. ಹೊಗೆ ಹೊರಗೆ ಹೋದದ್ದೇ ತಡ, ಎದುರು ಮನೆಯಿಂದ ಇಬ್ಬರು, ಬಾಜೂ ಮನೆಯಿಂದ ಒಬ್ಬಳು, ಯಾರೂ ಕರೆಯದೆ, ಸೆರಗು ತಲೆಗೆಳೆದುಕೊಂಡು ಬಂದು ಜಗಲಿಯ ಮೇಲೆ ಕೂತರು. ಅವರಲ್ಲಿ ಹಿರಿಯಳೊಬ್ಬಳು ಅವ್ವನ ಹತ್ತಿರ ಹೋಗಿ ಮೆಲ್ಲಗೆ ಕೈ ಹಿಡಿದಳು, ಬಳೆಯ ಮೇಲೆ. ನಾನು ಕಂಬ ಅಪ್ಪಿಕೊಂಡು ನಿಂತಿದ್ದೆ. ಕಾನ್ವೆಂಟಿನಲ್ಲಿ ಕಲಿತ ಪ್ರೇಯರುಗಳೆಲ್ಲ ನೆನಪಿಗೆ ಬಂದವು, ಒಂದರ ಕೊನೆಯೂ ನೆನಪಾಗಲಿಲ್ಲ.

“ಕೈ ಬಿಡ್ರಿ,” ಎಂದಳು ಅವ್ವ.

“ಸತ್ಯವ್ವ, ಕಂಬಳಿ ಬಂದೈತೆವ್ವಾ...”

“ಅಂವ ಇನ್ನ ಬಾಯಿ ಬಿಟ್ಟಿಲ್ಲ. ಅವನ ಬಾಯಿಂದ ಕೇಳೂತನಕ ನನ್ನ ಕೈ ಯಾರೂ ಮುಟ್ಟಬ್ಯಾಡ್ರಿ.”

ಹಿಟ್ಟು ಹತ್ತಿದ ಕೈಯಲ್ಲೇ ಅವ್ವ ಅಂಗಳಕ್ಕೆ ಇಳಿದಳು, ಮಳೆಯಲ್ಲಿ. ನಾನು ಹಿಂದೆ ಓಡಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವ್ವ ಅವನ ಮುಖ ನೋಡಲಿಲ್ಲ. ಕೈ ಚಾಚಿ ಕಂಬಳಿಯ ಅಂಚನ್ನು ಹಿಡಿದಳು. ಅಂಚಿನ ಉದ್ದಕ್ಕೂ ಕೆಂಪು ದಾರದ ಕಸೂತಿ ಇತ್ತು, ಒತ್ತೊತ್ತಾಗಿ, ಸಣ್ಣ ಸಣ್ಣ ಗಿಡಗಳ ಸಾಲಿನ ಹಾಗೆ. ನಮ್ಮ ಕಡೆ ಕಂಬಳಿಗೆ ಯಾರೂ ಹಾಗೆ ಹೊಲಿಯುವುದಿಲ್ಲ. ಅವ್ವನ ಬೆರಳು ಆ ಗಿಡಗಳ ಮೇಲೆ ಓಡಿ ನಿಂತಿತು.

“ಇದು ಅವರದಲ್ಲ. ಇದು ಅಕೀದು, ಯೂಸುಫನ ಅವ್ವಂದು,” ಎಂದಳು, ತನಗೇ. ಆಮೇಲೆ ಅವನಿಗೆ: “ಅವರೆಲ್ಲಿ ಅದಾರ?”

“ಪುಣೆದಾಗ ಅದಾರ್ರಿ ವೈನಿ. ಮಿಲಿಟರಿ ದವಾಖಾನ್ಯಾಗ. ಕಾಲಿಗೆ ಪೆಟ್ಟ ಆಗೇತ್ರಿ, ಜೀವಕ್ಕೇನೂ ಇಲ್ಲ. ಉಣತಾರ, ಬೈತಾರ, ಎಲ್ಲಾ ಮಾಡತಾರ.”

ಅವ್ವ ಕಂಬಳಿಯ ಅಂಚು ಬಿಟ್ಟು ಅವನ ಕೈ ಹಿಡಿದಳು.

ಅವನು ಯಶವಂತ, ಅಂಕಲಗಿಯವನು, ಅಪ್ಪನ ಜೊತೆಗೆ ಸ್ಟ್ರೆಚರ್ ಹೊರುತ್ತಿದ್ದವನು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು. ಅವರ ಮನೆಯವರು ಬುದ್ಧನ ದಾರಿ ಹಿಡಿದು ಕೆಲವು ವರ್ಷವಾಗಿತ್ತು. ‘ನೇರ ಒಳಗ ಹೋಗು, ನಮ್ಮವ್ವನ ಮುಂದ ಕುಂತ ಹೇಳು’ ಎಂದು ಅಪ್ಪ ಹೇಳಿ ಕಳಿಸಿದ್ದರಂತೆ. ಆದರೆ ಕುಲಗೋಡದ ಓಣಿಯಲ್ಲಿ ಒಳಗೆ ಬಾ ಎಂದು ಯಾರೂ ಕರೆಯದೆ ಮುಂದೆ ಹೆಜ್ಜೆ ಇಡಲು ಅವನ ಕಾಲು ಒಪ್ಪಲಿಲ್ಲ. ಮಳೆಯಲ್ಲಿ ಕಂಬಳಿ ಹೊದ್ದು ಬರಬಹುದಿತ್ತು. ಇನ್ನೊಬ್ಬರ ಕಂಬಳಿ, ಹೊದ್ದರೆ ಈ ಮನೆಯವರು ಏನೆಂದುಕೊಂಡಾರೋ ಎಂದು, ತಾನು ತೊಯ್ದು, ಅದನ್ನು ಮರ್ಯಾದೆಯಿಂದ ಮಡಿಸಿ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಹೆಗಲ ಮೇಲಿನ ಕಂಬಳಿಗೆ ಕುರುಬರಲ್ಲಿ ಏನರ್ಥ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನ ಆ ಮರ್ಯಾದೆಯೇ ನಮ್ಮ ಒಲೆ ಆರಿಸಿತು. ತಂತಿ ಕಳಿಸದಂತೆ ತಡೆದವರೂ ಅಪ್ಪನೇ. ತಂತಿ ಬಂದರೆ ಓದಿಸಿಕೊಳ್ಳುವಷ್ಟರಲ್ಲಿ ತಾಯಿಯ ಎದೆ ಒಡೆದೀತು ಎಂಬ ಯೋಚನೆ. ಕಂಬಳಿ ನೋಡಿದರೆ ಸಮಾಧಾನಗೊಳ್ಳುತ್ತಾಳೆ ಎಂದುಕೊಂಡರಂತೆ. ಮುಂದೆ ಅಪ್ಪ ಮನೆಗೆ ಬಂದಾಗ ಆಯಿ ಮೊದಲು ಅವರ ಕಾಲು ಸವರಿದಳು, ಆಮೇಲೆ ಕಿವಿ ಹಿಂಡಿದಳು: “ಮಿಲಿಟರಿ ಅನ್ನ ತಿಂದ ಕುರುಬರ ಬುದ್ಧಿ ಬಿಟ್ಟಿಯೇನೋ ಭಾಡ್ಯಾ.”

ಅವ್ವ ಯಶವಂತನ ಕೈ ಹಿಡಿದೇ ಒಳಗೆ ಕರೆತಂದಳು. ಜಗಲಿಯ ಮೇಲಿನ ಹೆಂಗಸರು ನೋಡುತ್ತಿದ್ದರು. ಆಯಿ ತನ್ನ ಸ್ವಂತ ಕಂಬಳಿಯನ್ನು ದೇವರ ಗೂಡಿನ ಪಕ್ಕ ಹಾಸಿ ಅಲ್ಲಿ ಕೂರಿಸಿದಳು. ಚಹಾ ಕಾಸಬೇಕೆಂದರೆ ಒಲೆಯಲ್ಲಿ ನೀರು. ಅಳಲು ಬಂದಿದ್ದವರನ್ನೇ ಆಯಿ ಎಬ್ಬಿಸಿದಳು.

“ಏನ ಕುಂತೀರಿ? ಹೋಗಿ ಒಂದಿಷ್ಟ ಕೆಂಡಾ ತರ್ರಿ. ಮಗಾ ಉಪಾಸ ಬಂದಾನ.”

ಅವರು ಕೆಂಡ ತರಲು ಓಡಿದರು. ಯಶವಂತ ಆಗ ಮೊದಲ ಸಲ ನಕ್ಕ. “ಅಲ್ಲೆ ಗುಂಡಿಗೂ ಇಷ್ಟ ಹೆದರಿದ್ದಿಲ್ರಿ ಆಯಿ, ನಿಮ್ಮ ಹೊಸ್ತಿಲಕ್ಕ ಹೆದರಿದ್ದೆ,” ಎಂದ.

ಬಿಸಿ ಚಹಾ ಕುಡಿದ ಮೇಲೆ ಅವನು ಹೇಳಿದ. ಯುದ್ಧದ ಮೊದಲ ದಿನವೇ ಶಿಬಿರದ ಜನ ಗಾಯಗೊಂಡ ಮಕ್ಕಳನ್ನು ಹೊತ್ತು ದವಾಖಾನೆಗೆ ಬಂದರು. ಸೈನಿಕರು ಜಾಗ ಬಿಡಬೇಕೆಂದು ಹುಕುಂ ಬಂದಿತ್ತು, ಆದರೆ ಅಪ್ಪ ಪಟ್ಟಿ ಕಟ್ಟುತ್ತಲೇ ಇದ್ದರು. ಶೆಲ್ ಒಂದು ಬಾಜೂಕ್ಕೇ ಬಿತ್ತು. ಗೋಡೆ ಕುಸಿಯಿತು.

“ನಾ ಲಾರಿ ನೋಡಾಕ ಹೋಗಿದ್ದೆ. ತಿರುಗಿ ಬಂದರ ಹವಾಲ್ದಾರ್ ಸಾಹೇಬ್ರ ಇಲ್ಲ. ಹುಡಕಿ ಹುಡಕಿ ಸಾಕಾತು. ಆ ಯೂಸುಫನ ಅವ್ವ, ಅಕಿ ಮಗಳು, ಇಬ್ಬರೂ ಕೂಡಿ ಅವರನ್ನ ಎಳಕೊಂ‍ಡ ಹೋಗಿ ತಮ್ಮ ರೊಟ್ಟಿ ಸುಡೂ ಮಣ್ಣಿನ ಒಲಿ ಹಿಂದ ಮಲಗಿಸಿದ್ರು. ಮ್ಯಾಲ ಈ ಕಂಬಳಿ. ಹೊರಗ ಬೆಂಕಿ, ಹೊಗಿ. ಅಕಿ ಇವರ ಕಾಲಿಗೆ ತನ್ನ ತಲಿವಸ್ತ್ರ ಹರದ ಕಟ್ಯಾಳ, ಬಾಯಾಗ ನೀರ ಬಿಡತಾಳ. ಲಾರಿ ಬಂತು, ಎತ್ತಿದ್ವಿ. ಕಂಬಳಿ ತಗೋ ಅಂತ ಸಾಹೇಬ್ರ ತಗದ ಕೊಟ್ರ, ಅಕಿ ಮತ್ತ ಹೊಚ್ಚಿದ್ಲು. ಪುಣೆದ ದವಾಖಾನ್ಯಾಗ ರಕ್ತ ಹತ್ತೇತಿ ಅಂತ ಸುಡಾಕ ಒಯ್ಯಾಕತ್ತಿದ್ರು. ಅದಕ್ಕ ಸಾಹೇಬ್ರ ನನ್ನ ಕೈಯಾಗ ಕೊಟ್ಟ ಕಳಸಿದ್ರು.”

ಆಯಿ ಕಂಬಳಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕಸೂತಿಯ ಒಂದೊಂದು ಗಿಡವನ್ನೂ ಬೆರಳಿಂದ ಮುಟ್ಟಿ ನೋಡುತ್ತಿದ್ದಳು, ಮರಿಗಳ ಕಿವಿ ನೋಡುವ ಹಾಗೆ.

“ಯೂಸುಫ ಎಲ್ಲಿದ್ದ?”

“ಗೊತ್ತಿಲ್ರಿ. ಅಂವ ಮುಂಜಾನೆ ಹೊರಗ ಹೋದಾಂವ ಬಂದಿದ್ದಿಲ್ಲ. ಲಾರಿ ಹೊಂಟಾಗ ಅಕಿ ಬಾಗಲಾಗ ನಿಂತ ದಾರಿ ನೋಡಾಕತ್ತಿದ್ಲು.”

ಅವ್ವ ಬಳೆಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಮತ್ತ ಈಗ ಅಕಿ ಏನ ಹೊಚ್ಚಗೋತಾಳ?” ಎಂದಳು ಆಯಿ.

“ಅಲ್ಲೀಗ ಬ್ಯಾಸಗೀರಿ ಆಯಿ. ಥಂಡಿ ಇಲ್ಲ.”

“ಥಂಡಿಗಷ್ಟ ಹೊಚ್ಚಗೋತಾರೇನೋ ಯಪ್ಪಾ.”

ಆಯಿ ಎದ್ದು, ಬಾಗಿಲಿಗೆ ಎದುರಾಗಿದ್ದ ರಾಟಿಯನ್ನು ತಿರುಗಿಸಿ ಒಳಮುಖವಾಗಿ ಇಟ್ಟಳು. ಗಾಜಿಯ ಉಣ್ಣೆಯ ಚೀಲ ಇಳಿಸಲು ನನಗೆ ಹೇಳಿದಳು.

ಅಪ್ಪ ಕುಂಟುತ್ತ ಮನೆಗೆ ಬಂದರು; ಈ ಸಲ ಹಣೆ ಬಡಿಯಲಿಲ್ಲ, ಬಾಗಿಕೊಂಡೇ ನಡೆಯುತ್ತಿದ್ದರು. ಆಗ ಎರಡನೆಯ ಕಂಬಳಿ ಮಗ್ಗದ ಮೇಲಿತ್ತು. ಅದನ್ನು ನೇಯುವಾಗ ಕಾಕಾ ಒಮ್ಮೆಯೂ ಗೊಣಗಲಿಲ್ಲ. ಮೊದಲಿನದರ ಕಲೆ ತೊಳೆದರೂ ಪೂರ್ತಿ ಹೋಗಿರಲಿಲ್ಲ. ಅದನ್ನು ಎದುರಿಗೆ ಹರಡಿಕೊಂಡು, ನೋಡಿ ನೋಡಿ, ಅವ್ವ ಹೊಸದರ ಅಂಚಿಗೆ ಕೆಂಪು ದಾರದ ಗಿಡ ಹೊಲಿದಳು. ಅವಳ ಗಿಡಗಳು ಒಂದಿಷ್ಟು ಓರೆಯಾದವು. ಕಳಿಸಲು ದಾರಿ ಇರಲಿಲ್ಲ. ಶಾಂತಿಪಡೆ ಎದ್ದುಹೋಗಿತ್ತು. ಅಪ್ಪ ಎಲ್ಲೆಲ್ಲಿಗೋ ಬರೆದರು, ನಾನು ಕಾನ್ವೆಂಟಿನ ಮದರ್‌ಗೆ ಹೇಳಿದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿ, ‘ವಿ ಶಲ್ ಪ್ರೇ ಫಾರ್ ಹರ್, ಚೈಲ್ಡ್’ ಎಂದರು. ಯಾರಿಗೂ ಆ ಹೆಣ್ಣುಮಗಳ ಸ್ವಂತ ಹೆಸರು ಗೊತ್ತಿರಲಿಲ್ಲ. ಯೂಸುಫ ಬಂದನೇ, ಎಂದು ಆಯಿ ಸಾಯುವ ವರ್ಷದವರೆಗೆ ಆಗಾಗ ಕೇಳುತ್ತಿದ್ದಳು, ನಮ್ಮಲ್ಲಿ ಯಾರಿಗಾದರೂ ತಿಳಿದಿರಬಹುದು ಎನ್ನುವ ಹಾಗೆ.

ಆ ಎರಡನೆಯ ಕಂಬಳಿ ಈಗ ನನ್ನ ಬಳಿ ಇದೆ. ಪ್ರತಿ ಬೇಸಿಗೆ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಇಟ್ಟು ಮಡಿಸುತ್ತೇನೆ. ಗೋಕಾಕದ ಚಳಿ ಮೊದಲಿನಷ್ಟಿಲ್ಲ, ಆದರೂ ಕೆಲವು ಬೆಳಗು ನನ್ನ ಮುದಿ ಮೊಣಕಾಲುಗಳು ಅದನ್ನು ಬೇಡುತ್ತವೆ. ನಾನು ಹೊದ್ದಿಲ್ಲ, ಮನೆಯಲ್ಲಿ ಯಾರೂ ಹೊದ್ದಿಲ್ಲ. ಟಿವಿಯಲ್ಲಿ ಗಾಜಾ ತೋರಿಸುವಾಗ ಸೊಸೆ ಚಾನೆಲ್ ಬದಲಿಸುತ್ತಾಳೆ, ಅತ್ತೆಯ ಬಿಪಿ ಏರುತ್ತದೆಂದು. ಅಷ್ಟರಲ್ಲೇ ನಾನು ನೋಡಿಬಿಡುತ್ತೇನೆ: ಕುಸಿದ ಗೋಡೆ, ಪಾಳಿ, ಹಿಟ್ಟಿನ ಚೀಲ, ಬಾಗಿಲೇ ಇಲ್ಲದ ಬಾಗಿಲಲ್ಲಿ ಯಾರೋ ನಿಂತಿರುವುದು. ನನ್ನ ಕಣ್ಣು ಮುಖಕ್ಕಿಂತ ಮೊದಲು ಹೆಗಲಿಗೆ ಹೋಗುತ್ತದೆ.

ಮೊನ್ನೆ ಕುಲಗೋಡದಿಂದ ಬೀರಪ್ಪ ಕಾಕಾನ ಸೊಸೆ ಫೋನ್ ಮಾಡಿದ್ದಳು. ಅವಳೂ ಈಗ ಮುದುಕಿ. ಹಿಂಡು ಸಣ್ಣದಾಗಿದೆ, ಮಗ್ಗದ ಕುಣಿ ಮುಚ್ಚಿ ಟೈಲ್ಸ್ ಹಾಕಿಸಿದ್ದಾರೆ. ಆ ಮೊದಲ ಗಾಜಿಯ ಪೀಳಿಗೆ ಮಾತ್ರ ಉಳಿದಿದೆ, ಅದರ ಕುರಿಗೆಲ್ಲ ಗಾಜಿ ಎಂದೇ ಹೆಸರು. ಹಿಂದಿನಿಂದ ಮರಿ ಅರಚುವುದು ಕೇಳುತ್ತಿತ್ತು.

“ಅಕ್ಕಾ, ನಿಮ್ಮ ಗಾಜಿ ಈದೈತ್ರಿ. ಎರಡೂ ಹೆಣ್ಣ ಅದಾವ. ಒಂದಕ್ಕ ನಮ್ಮ ಗುರತ ಹಾಕಲೇನು?”

“ಬ್ಯಾಡ,” ಎಂದೆ. “ಎರಡೂ ಅಕೀವ.”